ಬೀಗತಿಯ ಕಾಯಿ ಹೊಡೆಯುವುದು ಹೇಗೆ?

ನಾನು ಆರಿಸಲಾರದ ಮನುಷ್ಯ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ನಿಮಗೂ ನನಗೂ ಸುಲಭ. ಯಲಬುರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ಕೊಪ್ಪಳಕ್ಕೆ ಹೋಗುವ ಬಸ್ಸು ಒಂದೇ ನಿಂತಿದ್ದರೆ ನನ್ನಷ್ಟು ಚುರುಕಾಗಿ ಹತ್ತುವವರಿಲ್ಲ. ಎರಡು ನಿಂತಿದ್ದರೆ ಮುಗಿಯಿತು. ಇದರಲ್ಲಿ ಕಿಟಕಿ ಸೀಟಿದೆ, ಅದರಲ್ಲಿ ಡ್ರೈವರ್ ಆಗಲೇ ಕೂತಿದ್ದಾನೆ, ಇದು ಕುಕನೂರಿನ ಮೇಲೆ ಹಾದು ಹೋಗುತ್ತದೆ, ಅದು ಎಲ್ಲೂ ನಿಲ್ಲುವುದಿಲ್ಲ ಎಂದು ತೂಗಿ ನೋಡುತ್ತಿರುವಾಗಲೇ ಎರಡೂ ಹೊರಟುಹೋಗಿ, ನಾನು ಧೂಳಿನಲ್ಲಿ ನಿಂತು ಮೂರನೆಯದರ ದಾರಿ ಕಾಯುತ್ತೇನೆ. ನನ್ನ ಹೆಂಡತಿ ಲಲಿತಾ ಈ ಗುಣವನ್ನು ಮದುವೆಯಾದ ಹೊಸದರಲ್ಲೇ ಗುರುತಿಸಿದಳು. "ನಿಮಗ ನನ್ನೊಬ್ಬಾಕಿನ್ನ ತೋರಿಸಿದ್ರು, ಅದಕ್ಕ ಮದುವಿ ಆತು. ಇನ್ನೊಂದು ಕನ್ಯಾ ತೋರಿಸಿದ್ರ ಇನ್ನೂ ಕುಂತಿರ್ತಿದ್ರಿ" ಎನ್ನುತ್ತಾಳೆ. ನಾನು ಇದಕ್ಕೆ ಉತ್ತರ ಕೊಡುವುದಿಲ್ಲ. ಉತ್ತರಗಳು ಎರಡಿವೆ, ಯಾವುದನ್ನು ಕೊಡಬೇಕೆಂದು ಗೊತ್ತಾಗುವುದಿಲ್ಲ.

ಇಂಥವನ ತಲೆಯ ಮೇಲೆ ಮನೆಯವರೆಲ್ಲ ಆಡುವ ಆಟವೊಂದನ್ನು ಆರಿಸಿ ತರುವ ಭಾರ ಬಿತ್ತು ಎಂದರೆ ನೀವು ನಂಬಲಿಕ್ಕಿಲ್ಲ. ನಿಜ ಹೇಳಬೇಕೆಂದರೆ ಯಾರೂ ಹೊರಿಸಲಿಲ್ಲ, ನಾನೇ ಹೊತ್ತುಕೊಂಡೆ. ಅದಕ್ಕೆ ಕಾರಣ ನನ್ನ ಅತ್ತೆಯವರ ಮೊಣಕಾಲು.

ಅತ್ತೆ ಗಿರಿಜವ್ವನವರು ಕುಕನೂರಿನವರು. ಕೊಪ್ಪಳದಲ್ಲಿ ಮೊಣಕಾಲಿನ ಆಪರೇಷನ್ ಆಯಿತು. ಕೋಲಿಲ್ಲದೆ ನಡೆಯುವವರೆಗೆ ಇಲ್ಲೇ ಹತ್ತಿರದಲ್ಲಿ ಇರಲಿ, ವ್ಯಾಯಾಮ ತಪ್ಪಬಾರದು, ಬಸ್ಸಿನ ಮೆಟ್ಟಿಲು ಹತ್ತಲೇಬಾರದು ಎಂದರು ಡಾಕ್ಟರು. ಹೀಗಾಗಿ ಭಾಗ್ಯನಗರದ ನಮ್ಮ ಮನೆಗೆ ಬಂದರು. ಲಲಿತಾಳಿಗೆ ಒಳಗೊಳಗೇ ಹಿಗ್ಗು. ಮದುವೆಯಾದಾಗಿನಿಂದ ಅವಳ ಅವ್ವ ಮಗಳ ಮನೆಯಲ್ಲಿ ನೆಟ್ಟಗೆ ನಾಲ್ಕು ದಿನ ಇದ್ದವರಲ್ಲ. ಬಂದರೆ ಕೈಚೀಲವನ್ನು ತೊಡೆಯ ಮೇಲೆಯೇ ಇಟ್ಟುಕೊಂಡು ಕೂತು, ಊಟ ಮಾಡಿ, ಎದ್ದು ಹೋಗುವವರು. ಈ ಸಲವಾದರೂ ಅವ್ವನಿಗೆ ಎಣ್ಣೆ ಹಚ್ಚಿ, ತಲೆ ಬಾಚಿ, ಮನಸ್ಸು ತುಂಬ ಮಾತಾಡಬೇಕು, ಅವಳು ತನ್ನ ಕಾಲ ಮೇಲೆ ನಡೆದು ಊರಿಗೆ ಹೋಗುವುದನ್ನು ನೋಡಬೇಕು ಎನ್ನುವುದು ಅವಳ ಆಸೆ. ಆದರೆ ಗಿರಿಜವ್ವನವರು ಬಂದ ಚೀಲವನ್ನು ಬಿಚ್ಚಲೇ ಇಲ್ಲ. ಅದು ಮಂಚದ ಕಾಲಿನ ಹತ್ತಿರ ಬಾಯಿ ಕಟ್ಟಿಕೊಂಡೇ ಕೂತಿತ್ತು. ಸೀರೆ ಬೇಕಾದರೆ ಬಾಯಿ ಬಿಚ್ಚಿ ತೆಗೆದು ಮತ್ತೆ ಕಟ್ಟುವರು. ಬೆಳಿಗ್ಗೆ ಎದ್ದ ಕೂಡಲೇ ಮಗಳನ್ನು ಕೇಳುವ ಮೊದಲ ಮಾತು, "ಕುಕನೂರ ಬಸ್ಸ ಯಾವಾಗೈತವಾ?"

"ಡಾಕ್ಟರ್ ಬ್ಯಾಡಂದಾರಲ್ಲಬೇ" ಎಂದರೆ, "ಡಾಕ್ಟರ್‌ಗೇನು ಗೊತ್ತು, ಬೀಗರ ಮನ್ಯಾಗ ಎಷ್ಟ ದಿನಾಂತ ಕುಂಡ್ರೂದು" ಎನ್ನುವರು.

ಬೀಗರ ಮನೆ ಎಂದರೆ ನಮ್ಮದೇ. ನಮ್ಮ ಮನೆಯಲ್ಲಿ ನನ್ನ ಅವ್ವ ಶಂಕ್ರವ್ವ ಇದ್ದಾಳೆ. ಯಲಬುರ್ಗಾದ ಕರಿ ನೆಲದಲ್ಲಿ ಬೆಳೆದ ಗಟ್ಟಿ ಹೆಂಗಸು; ಮಾತಾಡಿದರೆ ಓಣಿಯ ಆ ತುದಿಗೆ ಕೇಳಬೇಕು. ಅಂಥವಳು ಬೀಗತಿ ಬಂದ ದಿನದಿಂದ ಪಿಸುಮಾತಿಗೆ ಇಳಿದಿದ್ದಳು. ಇಬ್ಬರೂ ತಲೆಯ ಮೇಲಿನ ಸೆರಗು ಜಾರಗೊಡುತ್ತಿರಲಿಲ್ಲ. "ಚಾ ತಗೋರಿ ಬೀಗತ್ಯಾರ." "ಮೊದಲ ನೀವು ತಗೋರಿ." "ಅಯ್ಯ, ನೀವು ತಗೊಳ್ಳಾರದ ನಾ ಹ್ಯಾಂಗ ತಗೊಳ್ಳಿ?" ಚಹಾ ಆರಿ ಕೆನೆ ಕಟ್ಟಿದ ಮೇಲೆ ಇಬ್ಬರೂ ಒಟ್ಟಿಗೆ ಮುಖ ಕಿವುಚಿಕೊಂಡು ಕುಡಿಯುವರು. ಸಂಜೆಯ ಧಾರಾವಾಹಿಯನ್ನು ಅವ್ವ ನಿಲ್ಲಿಸಿಬಿಟ್ಟಳು, ಬೀಗತಿಗೆ ಇಂಥದೆಲ್ಲ ಸೇರುತ್ತದೋ ಇಲ್ಲವೋ ಎಂದು. ಬೀಗತಿ ಕುಕನೂರಿನಲ್ಲಿ ಅದೇ ಧಾರಾವಾಹಿಯನ್ನು ಒಂದು ದಿನ ತಪ್ಪಿಸದೆ ನೋಡುತ್ತಿದ್ದರೆಂದು ಆಮೇಲೆ ತಿಳಿಯಿತು. ಈ ಮನೆಯಲ್ಲಿ ಟಿವಿ ಹಚ್ಚುವುದಿಲ್ಲವೇನೋ ಎಂದು ಸುಮ್ಮನಿದ್ದರು. ಹೀಗೆ ಇಬ್ಬರು ಹೆಂಗಸರು ಬಂದ್ ಮಾಡಿದ ಟಿವಿಯ ಮುಂದೆ, ಒಬ್ಬರನ್ನೊಬ್ಬರು ಗೌರವಿಸುತ್ತ, ಸಂಜೆಗಳನ್ನು ದೂಡುತ್ತಿದ್ದರು. ಮರ್ಯಾದೆ ಇಷ್ಟೊಂದು ದಣಿವಿನ ಕೆಲಸ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಏಳನೆಯ ಇಯತ್ತೆಯಲ್ಲಿರುವ ನನ್ನ ಮಗಳು ಸೃಷ್ಟಿ ಒಂದು ರವಿವಾರ ಹಾಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಕಟ್ಟಿಮನಿ ಬರೆದಳು. ಚೌಕಾಬಾರ ಎಂದು ಬೇರೆ ಕಡೆ ಕರೆಯುವ ಆಟವೇ ನಮ್ಮ ಮನೆಯಲ್ಲಿ ಕಟ್ಟಿಮನಿ. ಸಾಲಿಗೆ ಐದರಂತೆ ಐದು ಸಾಲು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಕಾಯಿ ಮೊದಲು ಹೊರಗಿನ ಸುತ್ತು ತಿರುಗಬೇಕು, ಆಮೇಲೆ ಒಳಗಿನ ಸುತ್ತಿಗೆ ಹೋಗಬೇಕು, ಕೊನೆಗೆ ನಡುಮನೆ ಸೇರಿ ಹಣ್ಣಾಗಬೇಕು. ಗುರುತು ಹಾಕಿದ ಕಟ್ಟೆಯ ಮೇಲಿದ್ದರೆ ಕಾಯಿಗೆ ಅಭಯ. ಬಯಲಲ್ಲಿ ಸಿಕ್ಕರೆ ಎದುರಿನವರು ಹೊಡೆಯುತ್ತಾರೆ, ಹೊಡೆಸಿಕೊಂಡದ್ದು ಮೊದಲಿನಿಂದ ಹೊರಡಬೇಕು. ಇನ್ನೊಂದು ಕಾಯ್ದೆ ಇದೆ, ಈ ಪ್ರಬಂಧವೆಲ್ಲ ಅದರ ಮೇಲೆಯೇ ನಿಂತಿದೆ: ಎದುರಿನವರ ಒಂದು ಕಾಯಿಯನ್ನಾದರೂ ಹೊಡೆಯದೆ ಯಾರೂ ಒಳಗಿನ ಸುತ್ತಿಗೆ ಹೋಗುವಂತಿಲ್ಲ. ಹೊಡೆಯುವವರೆಗೆ ಹೊರಗೇ ತಿರುಗುತ್ತಿರಬೇಕು.

ಕವಡೆ ಕಂಡದ್ದೇ ಇಬ್ಬರ ಮುಖವೂ ಅರಳಿತು. ಗಿರಿಜವ್ವನವರು ಮೊದಲ ಸಲ ಯಾರೂ ಕರೆಯದೆ ಮಂಚದಿಂದ ಎದ್ದು ಬಂದು, ಕಾಲು ಚಾಚಿ ಸ್ಟೂಲಿನ ಮೇಲೆ ಕೂತರು. ನೆಲದ ಮನೆಗಳನ್ನು ಅಳಿಸಿ ಟೀಪಾಯಿಯ ಮೇಲೆ ಸೀಮೆಸುಣ್ಣದಿಂದ ಮತ್ತೆ ಬರೆದೆವು. ಕವಡೆ ಆಡಿಸುವ ಕೈ ನೋಡಿದರೇ ತಿಳಿಯುತ್ತಿತ್ತು, ಇಬ್ಬರೂ ತಮ್ಮ ತಮ್ಮ ಓಣಿಯಲ್ಲಿ ಹೆಸರು ಮಾಡಿದವರೆಂದು. ಲಲಿತಾ ಅಡಿಗೆಮನೆಯ ಬಾಗಿಲಲ್ಲಿ ನಿಂತು ನನ್ನ ಕಡೆ ನೋಡಿ ನಕ್ಕಳು. ಇನ್ನು ತನ್ನ ಅವ್ವ ಇಲ್ಲೇ ಉಳಿದಂತೆ ಎಂದು ಆ ನಗೆಯ ಅರ್ಥ.

ಆದರೆ ಆಟ ಮುಗಿಯಲಿಲ್ಲ. ಆ ದಿನವೂ ಇಲ್ಲ, ಮರುದಿನವೂ ಇಲ್ಲ. ಸೃಷ್ಟಿ ಸಾಲೆಗೆ ಹೋದ ಮೇಲೆ ಇಬ್ಬರೇ ಆಡುವರು, ಸಾಲೆ ಬಿಟ್ಟು ಬಂದರೆ ಇನ್ನೂ ಅದೇ ಆಟ. ನಾನು ಆಫೀಸಿನಿಂದ ಬಂದು ಬೂಟು ಬಿಚ್ಚುತ್ತ ನೋಡಿದರೆ ಇಬ್ಬರ ಕಾಯಿಗಳೂ ಹೊರಗಿನ ಸುತ್ತಿನಲ್ಲಿ ಗಾಣದೆತ್ತಿನ ಹಾಗೆ ತಿರುಗುತ್ತಿವೆ. ಅವ್ವನಿಗೆ ಮೂರು ಬಿತ್ತು, ಬೀಗತಿಯ ಕಾಯಿ ಸರಿಯಾಗಿ ಮೂರು ಮನೆ ಮುಂದೆ ಬಯಲಲ್ಲಿದೆ. ಅವ್ವ ಅದನ್ನು ನೋಡಿದಳು, ಆಸೆಯಿಂದಲೇ ನೋಡಿದಳು, ಆಮೇಲೆ ಬೇರೆ ಕಾಯಿ ನಡೆಸಿದಳು.

"ಯಾಕಬೇ, ಹೊಡಿಬೇಕಿಲ್ಲ?" ಎಂದೆ.

ಅವ್ವ ನನ್ನನ್ನು ಒಳಗೆ ಕರೆದು ಗದರಿದಳು. "ಬುದ್ಧಿ ಐತೇನೋ ನಿನಗ? ಬೀಗತ್ಯಾರನ್ನ ಹೊಡಿ ಅಂತೀಯಲ್ಲ. ಮನಿಗೆ ಬಂದ ಬೀಗರನ್ನ ಹೊಡದ್ಲು ಅಂತ ನಾಳೆ ಕುಕನೂರಾಗ ಮಂದಿ ಮಾತಾಡಾಕಿಲ್ಲೇನು?"

ಅತ್ತ ಗಿರಿಜವ್ವನವರೂ ಮಗಳಿಗೆ ಅದನ್ನೇ ಹೇಳಿದ್ದರಂತೆ: ಉಂಡ ಮನೆಯ ಹಿರಿಯಳ ಕಾಯಿಯ ಮೇಲೆ ಕೈ ಹೆಂಗ ಮಾಡೂದವಾ? ಸೃಷ್ಟಿ ಆಟಕ್ಕೆ ಸೇರಿದರೆ ಅವಳ ಕಾಯಿಯನ್ನಾದರೂ ಹೊಡೆಯಬಹುದಿತ್ತು. ಅದನ್ನು ಹೊಡೆಯಲು ಇಬ್ಬರಿಗೂ ಮನಸ್ಸಿಲ್ಲ, ಮೊಮ್ಮಗಳು. ಅವಳು ಇಬ್ಬರನ್ನೂ ಮನಸೋ ಇಚ್ಛೆ ಹೊಡೆದು, ನಾಲ್ಕೂ ಕಾಯಿ ಹಣ್ಣು ಮಾಡಿಕೊಂಡು, "ಅಜ್ಜಿಗಳ ಜೋಡಿ ಆಡೂದು ಭಾಳ ಬೋರ್" ಎಂದು ಎದ್ದು ಹೋದಳು. ಅಜ್ಜಿಯರು ಮತ್ತೆ ಹೊರಸುತ್ತು ಹಿಡಿದರು. ಕೆಲವೇ ದಿನಗಳಲ್ಲಿ ಇಬ್ಬರಿಗೂ ಉಮೇದು ಇಳಿಯಿತು. ಬೆಳಿಗ್ಗೆ ಮತ್ತೆ ಬಸ್ಸಿನ ಮಾತು ಶುರುವಾಯಿತು.

ನಾನು ಈ ಗಂಟಿನ ಮುಂದೆ ಕೂತು ಬಹಳ ಯೋಚಿಸಿದೆ. ಹೊಡೆಯದಿದ್ದರೆ ಒಳಗೆ ಹೋಗುವಂತಿಲ್ಲ, ಮರ್ಯಾದೆಯಿರುವವರು ಹೊಡೆಯುವಂತಿಲ್ಲ. ಹೆಂಗಸರನ್ನು ಬದಲಿಸುವುದು ನನ್ನ ಕೈಲಾಗದು, ಆಟವನ್ನಾದರೂ ಬದಲಿಸೋಣ ಎಂದುಕೊಂಡೆ. ಹೊಡೆತವಿಲ್ಲದ ಕಟ್ಟಿಮನಿ ಎಲ್ಲಾದರೂ ಇದ್ದೀತೇ ಎಂದು ಆಫೀಸಿನಲ್ಲಿ ಕೇಳಿದೆ. ಕೇಳಬಾರದಿತ್ತು. ಒಂದು ಜಿಲ್ಲೆಯಲ್ಲಿ ಒಂದೇ ಆಟ ಇರುತ್ತದೆ ಎಂದು ತಿಳಿದಿದ್ದ ನನಗೆ ತಾಲ್ಲೂಕಿಗೊಂದು ಆವೃತ್ತಿ ಇದೆಯೆಂದು ಗೊತ್ತಾಯಿತು. ಕುಷ್ಟಗಿಯವರೊಬ್ಬರು ತಮ್ಮಲ್ಲಿ ಒಂದೇ ಮನೆಯಲ್ಲಿ ಕೂಡಿದ ಜೋಡಿಕಾಯಿಯನ್ನು ಜೋಡಿಕಾಯಿಯೇ ಹೊಡೆಯಬೇಕೆಂದರು. ಪಕ್ಕದ ಮೇಜಿನ ಸುಬ್ಬಾರಾವ್ ಗಂಗಾವತಿ ಕಡೆಯವರು, ಕಾಲುವೆ ನೀರು ಕುಡಿದು ಬೆಳೆದವರು. ಅವರ ಮನೆಯಲ್ಲಿ ಏಳರಂತೆ ಏಳು ಸಾಲು, ಆರು ಕವಡೆ. "ನಮ್ದು ದೊಡ್ಡ ಆಟ ಸಾರ್. ಆದ್ರ ಹೊಡಿಲಾರದ ಆಡೂದಂದ್ರ ಏಮಿಟಂಡಿ ಅದು?" ಎಂದು ಮನೆಮಾತಿನ ತೆಲುಗು ಬೆರೆಸಿ, ಅಕ್ಕಿ ಗಿರಣಿಯ ಮಾಲೀಕರ ಹಾಗೆ ನಕ್ಕರು. ನೀರಾವರಿ ಇದ್ದಲ್ಲಿ ಮನೆಗಳೂ ಹೆಚ್ಚು, ಕವಡೆಯೂ ಹೆಚ್ಚು. ನಮ್ಮ ಮಳೆಯಾಶ್ರಿತ ನೆಲದವರು ಐದು ಸಾಲಿನಲ್ಲೇ ಸುಧಾರಿಸಿಕೊಳ್ಳಬೇಕು ಎಂದು ನನಗೆ ಕೊಂಚ ಬೇಜಾರೇ ಆಯಿತು.

ಕೊನೆಗೆ ಮೊಬೈಲಿನಲ್ಲಿ ಹುಡುಕಿದೆ. ನಮ್ಮ ಅಜ್ಜಿಯರು ಹುಣಸೆ ಬೀಜ ತಿಕ್ಕಿ ಆಡುತ್ತಿದ್ದ ಆಟ ಈಗ ಡಬ್ಬಿಯಲ್ಲಿ ಬರುತ್ತದೆ. ಒಂದು ಡಬ್ಬಿಯಲ್ಲ. ಪರಂಪರೆ ಎಡಿಷನ್ ಅಂತೆ, ಅದರಲ್ಲಿ ಬಟ್ಟೆಯ ಹಾಸು, ನಿಜವಾದ ಕವಡೆ. ಡಿಲಕ್ಸ್ ಎಡಿಷನ್ನಿನಲ್ಲಿ ಕಿನ್ನಾಳದ ಗೊಂಬೆಗಳಂತೆ ಬಣ್ಣ ಹಚ್ಚಿದ ಕಟ್ಟಿಗೆಯ ಕಾಯಿ. ಪ್ರಯಾಣದ ಎಡಿಷನ್ನಿನಲ್ಲಿ ಅಯಸ್ಕಾಂತ, ಬಸ್ಸು ಕುಲುಕಿದರೂ ಕಾಯಿ ಅಲುಗುವುದಿಲ್ಲ. ನಮ್ಮ ಯಲಬುರ್ಗಾ ರಸ್ತೆಯಲ್ಲಿ ಅದನ್ನು ಪರೀಕ್ಷಿಸಿದ್ದಾರೋ ಇಲ್ಲವೋ ಬರೆದಿರಲಿಲ್ಲ. ಇವುಗಳ ಮೇಲೆ ಎಕ್ಸ್‌ಪಾನ್ಷನ್ ಪ್ಯಾಕುಗಳು: ಆರು ಮಂದಿ ಆಡುವ ಪ್ಯಾಕ್, ವೇಗದ ಪ್ಯಾಕ್, ಸೇಡಿನ ಪ್ಯಾಕ್. ಇರುವ ಆಟವನ್ನು ಹಿಗ್ಗಿಸಲು ಇನ್ನೊಂದು ಡಬ್ಬಿ ಕೊಳ್ಳಬೇಕೆಂಬ ವಿಚಾರ ನನಗೆ ಹೊಸದು. ಹೋಳಿಗೆ ಕೊಂಡು, ಹೂರಣ ಬೇಕಾದರೆ ಬೇರೆ ಕೊಳ್ಳಿ ಎಂದಂತೆ. ನಾನು ಹಾಸಿಗೆಯಲ್ಲಿ, ಬಸ್ಸಿನಲ್ಲಿ, ಫೈಲಿನ ಮರೆಯಲ್ಲಿ ಇವುಗಳನ್ನು ಹೋಲಿಸಿ ಹೋಲಿಸಿ ನೋಡಿದೆ. ಯಾವುದನ್ನೂ ಆರಿಸಲಾಗದೆ, ಕೊಪ್ಪಳದ ಬಸ್‌ಸ್ಟ್ಯಾಂಡಿನ ಹಿಂದಿನ ಆಟಿಕೆ ಅಂಗಡಿಗೆ ಹೋಗಿ ಅಂಗಡಿಯವರಿಗೇ ಶರಣಾದೆ.

"ಹೊಡಿಯೂದು ಇರಲಾರದ ಎಡಿಷನ್ ಐತೇನ್ರಿ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹೊಡಿಯೂದ ಇಲ್ಲಂದ್ರ ಅದು ಆಟಲ್ರಿ ಸರ, ಸತ್ಯನಾರಾಯಣ ಪೂಜಿ. ಯಾರಿಗ್ರಿ, ಸಣ್ಣ ಹುಡುಗ್ರಿಗೇನು?"

"ಬೀಗತೇರಿಗೆ" ಎಂದೆ.

ಅವರ ಮುಖದಲ್ಲಿದ್ದ ನಗು ಹೋಯಿತು. ಅವರ ಮನೆಯಲ್ಲೂ ಬೀಗರಿದ್ದಿರಬೇಕು. ಏಣಿ ಹತ್ತಿ, ಮೇಲಿನ ಖಾನೆಯಿಂದ ಧೂಳು ಕೊಡವಿ ಎರಡು ಡಬ್ಬಿ ಇಳಿಸಿದರು. ಒಂದು ಫ್ಯಾಮಿಲಿ ಎಡಿಷನ್. ಇನ್ನೊಂದು ಅದರ ಜೊತೆಯ ಆಶೀರ್ವಾದ ಪ್ಯಾಕ್; ಅದರಲ್ಲಿ ಬಂಗಾರ ಬಣ್ಣದ ಕಾರ್ಡುಗಳು. ಒಂದು ಕಾರ್ಡು ಎತ್ತಿದರೆ ಸಾಕು, ಯಾರನ್ನೂ ಹೊಡೆಯದೆ ಒಳಗಿನ ಸುತ್ತಿಗೆ ಪ್ರವೇಶ. "ಇದೊಂದ ಉಳದೈತ್ರಿ" ಎಂದರು. ಒಂದೇ ಉಳಿದಿತ್ತಲ್ಲ, ನಾನು ಆನಂದದಿಂದ ಆರಿಸಿದೆ.

ಮನೆಯಲ್ಲಿ ಎಲ್ಲರನ್ನೂ ಕೂಡಿಸಿ ನಿಯಮದ ಹಾಳೆ ಓದಿದೆ. ಅದನ್ನು ಯಾರೋ ಕನ್ನಡಕ್ಕೆ ತಂದಿದ್ದರು, ಅಥವಾ ಕನ್ನಡದ ಹತ್ತಿರ ತಂದು ಬಿಟ್ಟಿದ್ದರು. "ಆಟಗಾರನು ತನ್ನ ಟೋಕನ್ನನ್ನು ಸುರಕ್ಷಿತವಾಗಿ ಗೃಹಪ್ರವೇಶ ಮಾಡಿಸತಕ್ಕದ್ದು" ಎಂದಿತ್ತು. ಅವ್ವ ಒಂದು ಕಾರ್ಡು ಎತ್ತಿದಳು, ಒಳಗೆ ಹೋದಳು. ಗಿರಿಜವ್ವನವರು ಎತ್ತಿದರು, ಒಳಗೆ ಹೋದರು. ಕಾಯಿಗಳು ಒಂದರ ಹಿಂದೊಂದು ಸಭ್ಯವಾಗಿ ಹಣ್ಣಾದವು. ಆಟ ಚಹಾ ಆರುವ ಮೊದಲೇ ಮುಗಿಯಿತು. ಯಾರು ಗೆದ್ದರೆಂದು ಯಾರೂ ಕೇಳಲಿಲ್ಲ.

"ಹ್ಯಾಂಗೈತಿ?" ಎಂದೆ.

"ಉಪ್ಪಿಲ್ಲದ ಸಾರು" ಎಂದಳು ಅವ್ವ, ಪಿಸುಮಾತಿನಲ್ಲಿ.

"ಛಲೋ ಐತಂತ ಹೇಳವಾ ಅವರಿಗೆ" ಎಂದು ಗಿರಿಜವ್ವನವರು ಮಗಳಿಗೆ ಹೇಳಿದರು. ಅವರು ನನ್ನೊಡನೆ ನೇರವಾಗಿ ಮಾತಾಡುವುದಿಲ್ಲ. ಅಳಿಯನಿಗೆ ಹೇಳುವುದೆಲ್ಲ ಲಲಿತಾಳ ಮೂಲಕವೇ ಬರಬೇಕು. ಆಮೇಲೆ ಕೋಲೂರಿಕೊಂಡು ಕೋಣೆಗೆ ಹೋಗಿ ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಿದರು. ಕುಕನೂರಿನ ಮನೆಗೆ ಫೋನ್ ಹಚ್ಚಿ, ಬಸ್ಸು ಬೇಡವಾದರೆ ಬೇಡ, ಬೆಳಿಗ್ಗೆ ಒಂದು ಗಾಡಿಯನ್ನೇ ಕಳಿಸಿಬಿಡಿ ಎಂದರು. ಇಲ್ಲಿ ತನಗಾಗಿ ಅಳಿಯಂದಿರು ಅಂಗಡಿ ಅಂಗಡಿ ತಿರುಗುವಂತಾಯಿತು, ಇನ್ನು ಇರುವುದು ಚಂದವಲ್ಲ ಎಂದು ಅವರ ಅನಿಸಿಕೆ. ಲಲಿತಾ ಒಲೆಯ ಮುಂದೆ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದಳು. "ನಿಮಗ ಆಟ ತರ್ರಿ ಅಂತ ಯಾರ ಅಂದಿದ್ರು? ಅವ್ವ ಹೊರಗಿನ ಸುತ್ತ ತಿರುಗಿಕೋತಾದ್ರೂ ಇದ್ಳು" ಎಂದಳು. ನನಗೆ ನಿಜವಾಗಿಯೂ ನೋವಾಯಿತು. ಸಹಾಯ ಮಾಡಲು ಹೋಗಿ, ಒಬ್ಬ ತಾಯಿಯನ್ನು ಕಾಲು ವಾಸಿಯಾಗುವ ಮೊದಲೇ ಮಗಳ ಮನೆಯಿಂದ ಎಬ್ಬಿಸಿದ್ದೆ.

ಮರುದಿನ ಬೆಳಿಗ್ಗೆ ಚೀಲ ಬಾಗಿಲ ಹತ್ತಿರ ಬಂದಿತ್ತು. ಗಾಡಿ ಬರುವವರೆಗೆ ಏನು ಮಾಡುವುದೆಂದು ತಿಳಿಯದೆ ಇಬ್ಬರು ಬೀಗತಿಯರೂ ಟೀಪಾಯಿಯ ಮುಂದೆ ಕೂತಿದ್ದರು. ಫ್ಯಾಮಿಲಿ ಎಡಿಷನ್ ಪಕ್ಕಕ್ಕೆ ಬಿದ್ದಿತ್ತು. ಅವ್ವ ಸುಮ್ಮನೆ ಹಳೆಯ ಕವಡೆ ಎತ್ತಿಕೊಂಡು, "ಬರ್ರಿ, ಗಾಡಿ ಬರೂತನಾ ನಾಕು ಕೈ ಒಗಿಯೂಣು" ಎಂದಳು. ಮತ್ತದೇ ಸೀಮೆಸುಣ್ಣದ ಮನೆ, ಅದೇ ಹೊರಸುತ್ತು. ಗಿರಿಜವ್ವನವರು ಕವಡೆ ಒಗೆದರು. ನಾಲ್ಕೂ ಅಂಗಾತ ಬಿದ್ದವು: ಚೌಕಾ. ಅವ್ವನ ಕಾಯಿ ಸರಿಯಾಗಿ ನಾಲ್ಕು ಮನೆ ಮುಂದೆ, ಬಯಲಲ್ಲಿ. ಗಿರಿಜವ್ವನವರ ಕೈ ಎಂದಿನಂತೆ ಬೇರೆ ಕಾಯಿಯ ಕಡೆ ಹೋಯಿತು.

ಅವ್ವನಿಗೆ ಏನಾಯಿತೋ, ಸಿಟ್ಟೋ, ಸಂಜೆಗೆ ಜೊತೆ ತಪ್ಪುತ್ತದೆಂಬ ಸಂಕಟವೋ, ಇಷ್ಟು ದಿನ ಪಿಸುಗುಟ್ಟಿದ ಗಂಟಲು ಒಮ್ಮೆಲೇ ಯಲಬುರ್ಗಾದ ಮಟ್ಟಕ್ಕೆ ಏರಿತು. "ಬಿಡ್ರಿ ಬಿಡ್ರಿ, ಕುಕನೂರ ಮಂದಿಗೆ ಕಾಯಿ ನಡಸಾಕಷ್ಟ ಬರ್ತೈತಿ, ಹೊಡಿಯಾಕ ಎಲ್ಲಿ ಬರಬೇಕು!"

ಗಿರಿಜವ್ವನವರು ತಲೆಯೆತ್ತಿದರು. ಸೆರಗು ಜಾರಿತು, ಸರಿಪಡಿಸಿಕೊಳ್ಳಲಿಲ್ಲ. ಕಾಯಿ ಎತ್ತಿ ಟೀಪಾಯಿ ನಡುಗುವಂತೆ ನಾಲ್ಕು ಮನೆ ಕುಟ್ಟಿಕೊಂಡು ಹೋಗಿ ಅವ್ವನ ಕಾಯಿಯನ್ನು ಹಾರಿಸಿದರು. ಹುಡುಗಿಯಾಗಿದ್ದಾಗಿನಿಂದ ಹೊಡೆದಾಗಲೆಲ್ಲ ಕೂಗಿ ರೂಢಿಯಾದ ಮಾತು ತಾನಾಗಿಯೇ ಬಾಯಿಂದ ಬಂತು: "ನಡಿಯ ನಿನ್ನ ಮನಿಗೆ!"

ಹೊಡೆದದ್ದಿರಲಿ, ಬೀಗತಿಗೆ "ನಡಿಯ" ಎಂದಿದ್ದರು. ಒಂದು "ರಿ" ಇಲ್ಲ. ಗಿರಿಜವ್ವನವರು ಸೆರಗನ್ನು ಬಾಯಿಗೆ ಒತ್ತಿಕೊಂಡು, "ಅಯ್ಯ ಶಿವನ, ತಪ್ಪಾತ್ರಿ ಬೀಗತ್ಯಾರ, ಬಾಯಿ ಜಾರಿತ್ರಿ" ಎಂದು ಏಳಲು ಹೋದರು, ಮೊಣಕಾಲು ಬಿಡಲಿಲ್ಲ.

ಅವ್ವ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ನಾ ಎಲ್ಲಿಗೆ ಹೋಗ್ಲಿ ಗಿರಿಜವ್ವಾ, ಇದ ನನ್ನ ಮನಿ. ಹೊಡದಿಯಲ್ಲ, ಇನ್ನ ನೀನೂ ಒಳಗ ಬಾ" ಎಂದಳು.

ಅಷ್ಟರಲ್ಲಿ ಹೊರಗೆ ಗಾಡಿಯ ಹಾರ್ನ್ ಆಯಿತು. ಅವ್ವ ಕವಡೆಯಿಂದ ಕಣ್ಣು ತೆಗೆಯದೆ ನನಗೆ ಹೇಳಿದಳು: "ಅವಂಗ ಚಾ ಕೊಟ್ಟು ಕಳಸು. ಗಿರಿಜವ್ವ ಆಟದಾಗ ಅದಾಳ."

ಲಲಿತಾ ಬಾಗಿಲಲ್ಲಿದ್ದ ಚೀಲವನ್ನು ಒಳಗೆ ಒಯ್ದು, ಸೀರೆಗಳನ್ನೆಲ್ಲ ತೆಗೆದು ಕಪಾಟಿನಲ್ಲಿ ಹೊಂದಿಸಿಟ್ಟಳು. ಯಾರೂ ಬೇಡ ಎನ್ನಲಿಲ್ಲ. ಅಂದಿನಿಂದ ನಮ್ಮ ಮನೆಯಲ್ಲಿ ಶಾಂತಿ ಹಾಳಾಗಿದೆ. "ಕಳ್ಳಾಟ ಆಡಬ್ಯಾಡ ಶಂಕ್ರವ್ವಾ" ಎಂದು ಒಬ್ಬರು, "ಕಣ್ಣ ಕಾಣಂಗಿಲ್ಲೇನ ನಿನಗ" ಎಂದು ಇನ್ನೊಬ್ಬರು. ಚಹಾ ಬಿಸಿಯಿರುವಾಗಲೇ ಮುಗಿಯುತ್ತದೆ. ಧಾರಾವಾಹಿಯ ಅತ್ತೆಯನ್ನು ಇಬ್ಬರೂ ಒಂದೇ ದನಿಯಲ್ಲಿ ಬಯ್ಯುತ್ತಾರೆ. ವ್ಯಾಯಾಮ ತಪ್ಪಿಸಿದರೆ ಅವ್ವ ಗದರುತ್ತಾಳೆ, ಗಿರಿಜವ್ವನವರು ತಿರುಗಿ ಗದರುತ್ತ ಕಾಲು ಎತ್ತುತ್ತಾರೆ. ಕೋಲು ಈಗ ಬಾಗಿಲ ಮೂಲೆಯಲ್ಲಿದೆ. ಹೊಡೆದರೂ ಸಂಬಂಧ ಹರಿಯುವುದಿಲ್ಲ ಎಂಬ ನಂಬಿಕೆ ಇದ್ದ ಕಡೆ ಮಾತ್ರ ಜನ ಹೊಡೆಯುತ್ತಾರೆ ಎಂದು ನನಗೀಗ ಅನ್ನಿಸುತ್ತದೆ. ಫ್ಯಾಮಿಲಿ ಎಡಿಷನ್ನಿನ ಡಬ್ಬಿಯಲ್ಲಿ ಮೊಣಕಾಲಿನ ಗುಳಿಗೆ ಇಟ್ಟಿದ್ದೇವೆ. ಮುಚ್ಚಳ ಗಟ್ಟಿಯಾಗಿದೆ, ಅಷ್ಟರ ಮಟ್ಟಿಗೆ ಒಳ್ಳೆಯ ಆಯ್ಕೆ.

ಇಷ್ಟೆಲ್ಲ ಕಂಡುಕೊಂಡ ಹೆಮ್ಮೆಯಲ್ಲಿ ಮೊನ್ನೆ ಸಂಜೆ ನಾನೂ ಆಟಕ್ಕೆ ಕೂತೆ. ಇಬ್ಬರು ಅಜ್ಜಿಯರು, ಸೃಷ್ಟಿ, ನಾನು. ನಾನು ಕೂತದ್ದೇ ಗಿರಿಜವ್ವನವರ ಸೆರಗು ತಲೆಯ ಮೇಲೆ ಬಂತು. ನನ್ನ ಕಾಯಿ ಅವರ ಕೈಗೆ ಒಮ್ಮೆಯಲ್ಲ, ಮತ್ತೆ ಮತ್ತೆ ಸಿಕ್ಕಿತು. ಅವರು ಅದನ್ನು ದಾಟಿಕೊಂಡು ಹೋಗಿ ಅವ್ವನನ್ನು ಹುಡುಕಿ ಹೊಡೆದರು. ಇಷ್ಟು ವರ್ಷ ಕುಕನೂರಿಗೆ ಹೋದಾಗಲೆಲ್ಲ ಎಲ್ಲರೂ ನೆಲದ ಮೇಲೆ ಸಾಲಾಗಿ ನಗುನಗುತ್ತ ಉಣ್ಣುವಾಗ ನನ್ನೊಬ್ಬನಿಗೆ ಮಾತ್ರ ಕುರ್ಚಿ ಹಾಕಿ, ಬೆಳ್ಳಿ ಲೋಟದಲ್ಲಿ ನೀರಿಡುತ್ತಿದ್ದರು. ಅದನ್ನು ನಾನು ಸನ್ಮಾನವೆಂದೇ ತಿಳಿದಿದ್ದೆ. ಆ ಕುರ್ಚಿ ಹೊರಗಿನ ಸುತ್ತಿನಲ್ಲಿತ್ತೆಂದು ಮೊನ್ನೆ ತಿಳಿದು, ಒಂದು ಕ್ಷಣ ಮನಸ್ಸಿಗೆ ಪಿಚ್ಚೆನಿಸಿತು.

ನನ್ನ ಸರದಿ ಬಂತು. ಕವಡೆ ಒಗೆದೆ, ಮೂರು ಬಿತ್ತು. ಮೂರು ಮನೆ ಮುಂದೆ ಗಿರಿಜವ್ವನವರ ಕಾಯಿ, ಬಯಲಲ್ಲಿ. ಅವರು ಮುಖ ಅತ್ತ ತಿರುಗಿಸಿದ್ದರು, ಆದರೆ ಓರೆಗಣ್ಣಿನಿಂದ ನನ್ನ ಕೈಯನ್ನೇ ನೋಡುತ್ತಿದ್ದರು. ಅವ್ವ ಕವಡೆ ಬಿಟ್ಟು ನನ್ನನ್ನು ನೋಡಿದಳು. ಅಡಿಗೆಮನೆಯ ಬಾಗಿಲಲ್ಲಿ ಲಲಿತಾ ಸೌಟು ಹಿಡಿದುಕೊಂಡೇ ನಿಂತಳು.

"ಹೊಡಿ ಅಪ್ಪಾ" ಎಂದಳು ಸೃಷ್ಟಿ.

ಹೊಡೆಯಲೇ, ಬಿಡಲೇ? ಎರಡು ದಾರಿ. ಯಲಬುರ್ಗಾದ ಬಸ್‌ಸ್ಟ್ಯಾಂಡಿನಲ್ಲಿ ನಿಂತಂತಾಯಿತು. ಕೈ ಅವರ ಕಾಯಿಯ ಹತ್ತಿರದವರೆಗೂ ಹೋಯಿತು. ಆಮೇಲೆ ಅದು ಹೇಗೋ ಪಕ್ಕಕ್ಕೆ ಸರಿದು, ಬೇರೆ ಕಾಯಿಯನ್ನು ಎತ್ತಿ, ಮೆಲ್ಲಗೆ, ಬಹಳ ಮರ್ಯಾದೆಯಿಂದ, ಮೂರು ಮನೆ ನಡೆಸಿತು.

ಸೃಷ್ಟಿ ನಿಟ್ಟುಸಿರು ಬಿಟ್ಟು ಎದ್ದು ಹೋದಳು. ಗುಳಿಗೆಯ ಡಬ್ಬಿಯ ತಳದಲ್ಲಿ ತಡಕಾಡಿ ಆಶೀರ್ವಾದದ ಬಂಗಾರ ಬಣ್ಣದ ಒಂದು ಕಾರ್ಡು ತಂದು ನನ್ನ ಮುಂದೆ ಹಿಡಿದಳು. "ತಗೋ, ಇದು ನಿನಗ ತಂದದ್ದ ಇರಬೇಕು" ಎಂದಳು.

ನಾನು ಕೈ ಚಾಚಿದೆ.